ಈ ಪುಸ್ತಕವನ್ನು ಯಾವ ಕಪಾಟಿನಲ್ಲಿಡಲಿ?

ಮಾನ್ಯ ಅಧ್ಯಕ್ಷರೇ, ಈಗತಾನೇ ಸನ್ಮಾನ ಸ್ವೀಕರಿಸಿದ ಕಾದಂಬರಿಕಾರರೇ, ನಮ್ಮ ಗ್ರಂಥಾಲಯದ ಓದುಗ ಬಂಧುಗಳೇ, ಚಹಾದ ವಾಸನೆ ಬಂದರೂ ಇನ್ನೂ ಎದ್ದು ಹೋಗದಿರುವ ಸಭಿಕರೇ,

ವಂದನಾರ್ಪಣೆ ಮಾಡುವವರ ಪಾಡು ನಿಮಗೆ ಗೊತ್ತೇ ಇದೆ. ಎಲ್ಲರೂ ಚೀಲ ಹುಡುಕಿಕೊಳ್ಳುವ ಹೊತ್ತಿಗೆ ನಮ್ಮ ಕೈಗೆ ಮೈಕು ಬರುತ್ತದೆ. ಎಲ್ಲಾದರೂ ತಪ್ಪಿದರೆ, ಗ್ರಂಥಪಾಲಕಿಗೆ ಮಾತಾಡಿ ಅಭ್ಯಾಸವಿಲ್ಲ ಅಂದುಕೊಳ್ಳಿ.

ಮೊದಲ ವಂದನೆ ಕಾದಂಬರಿಕಾರರಿಗೆ. ಅವರ ಪುಸ್ತಕಕ್ಕಾಗಿ ಓದುಗರು ನನ್ನ ಜೊತೆ ಜಗಳಕ್ಕೇ ಬರುತ್ತಾರೆ. "ಮೇಡಂ, ಪುಸ್ತಕ ಬಂದು ಎಷ್ಟು ದಿನ ಆಯ್ತು, ಇನ್ನೂ ಯಾಕೆ ಹೊರಗಿಟ್ಟಿಲ್ಲ?" ಏನು ಹೇಳಲಿ? ನಮ್ಮಲ್ಲಿ ಕತೆ, ಕಾದಂಬರಿಗೆ ಕಿಟಕಿ ಪಕ್ಕದ ಕಪಾಟು. ನಡೆದ ಸಂಗತಿಗಳಿಗೆ ಎದುರು ಗೋಡೆಯ ಕಪಾಟು. ಈ ಪುಸ್ತಕದ ಮುಖಪುಟದಲ್ಲಿ ಮೇಲೆ 'ಕಾದಂಬರಿ' ಎಂದಿದೆ, ಕೆಳಗೆ 'ನಿಜ ಘಟನೆ ಆಧಾರಿತ' ಎಂದಿದೆ. ಯಾವ ಕಡೆ ಇಡಲಿ?

ಕತೆ ನಿಮಗೆಲ್ಲ ಗೊತ್ತು. ಗಂಡನಿಗೆ ಹೆದರಿ ಹೆಂಡತಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾಳೆ. ಅವನು ಹೊರಗೆ ನಿಂತು ಮೆಲ್ಲಗೆ ಮಗಳನ್ನು ಕರೆಯುತ್ತಾನೆ. ಪುಟ್ಟ ಹುಡುಗಿ ಸ್ಟೂಲು ಎಳೆದು, ಹತ್ತಿ, ಚಿಲಕ ತೆಗೆಯುತ್ತಾಳೆ. ಮುಂದಿನದು ಕೊಲೆ. ಆ ಪುಟ ಓದಿ ಕಣ್ಣೀರು ಬಂತೆಂದು ಅಧ್ಯಕ್ಷರು ಹೇಳಿದರು. ಬರಲೇಬೇಕು, ಅಷ್ಟು ಚೆನ್ನಾಗಿದೆ.

ಹೆಸರು ಬದಲಿಸಿದ್ದಾರೆ, ಊರು ಬದಲಿಸಿದ್ದಾರೆ. ಹಸಿರು ಬಾಗಿಲು, ಅದರ ಪಕ್ಕದ ಹೊಲಿಗೆ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಶಾಲೆಯ ಸಮವಸ್ತ್ರ, ಇವೆಲ್ಲ ಹಾಗೇ ಇವೆ. ಆ ಸಮವಸ್ತ್ರ ನನ್ನದು. ಹೊಲಿಯುತ್ತಿದ್ದವರು ನಮ್ಮಮ್ಮ.

ದಯವಿಟ್ಟು ಯಾರೂ ಏಳಬೇಡಿ. ಅಧ್ಯಕ್ಷರೇ, ಚೀಟಿ ಕಳಿಸಬೇಡಿ, ಮುಗಿಸುತ್ತಿದ್ದೇನೆ.

ನನ್ನನ್ನು ಸಾಕಿದ್ದು ದೊಡ್ಡಮ್ಮ. ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ನೀನು ನಿದ್ದೆ ಮಾಡ್ತಿದ್ದೆ ಪುಟ್ಟಿ. ನಿಮ್ಮಪ್ಪನ ಹತ್ರ ಕೀ ಇತ್ತು, ಅವನೇ ತೆಗೆದು ಒಳಗೆ ಬಂದ." ಆ ಮಾತನ್ನು ನಂಬಿಯೇ ನಾನು ಓದಿದೆ, ಕೆಲಸಕ್ಕೆ ಸೇರಿದೆ, ಮಗಳನ್ನು ಹೆತ್ತೆ. ಈ ಪುಸ್ತಕ ಓದಿದ ಮೇಲೆ ನನ್ನ ಅಂಗೈಗೆ ಚಿಲಕದ ತಣ್ಣನೆಯ ಕಬ್ಬಿಣ ತಾಗುತ್ತಿದೆ. ಕಾಲ ಕೆಳಗೆ ಸ್ಟೂಲು ಅಲುಗಾಡುತ್ತಿದೆ. ಕಾದಂಬರಿಕಾರರೇ, ಇದು ನನ್ನ ನೆನಪೋ, ನಿಮ್ಮ ಬರವಣಿಗೆಯೋ? ನನಗೆ ಹೆದರಿಕೆಯಾಗುತ್ತಿದೆ ಸ್ವಾಮಿ.

ಮುನ್ನುಡಿಯಲ್ಲಿ ನೀವು 'ಹೆಸರು ಹೇಳಬಾರದೆಂದು ಕೇಳಿಕೊಂಡ ಒಬ್ಬ ವೃದ್ಧೆ'ಗೆ ಕೃತಜ್ಞತೆ ಹೇಳಿದ್ದೀರಿ. ಅವರ ಗುಟ್ಟು ಕಾಪಾಡಿದ್ದೀರಿ, ಸಂತೋಷ. ನನ್ನ ಗುಟ್ಟನ್ನು ನನಗೇ ಹೇಳದೆ ಊರಿಗೆಲ್ಲ ಹೇಳಿಬಿಟ್ಟಿರಲ್ಲ? ಆ ವೃದ್ಧೆ ನಮ್ಮ ದೊಡ್ಡಮ್ಮನೇ? ಕೇಳೋಣವೆಂದರೆ ಅವರು ತೀರಿಕೊಂಡಿದ್ದಾರೆ.

ನಾನು ಕೋರ್ಟಿಗೆ ಹೋಗುವುದಿಲ್ಲ. ಪುಸ್ತಕ ಸುಡಿ ಎನ್ನುವುದಿಲ್ಲ, ಪುಸ್ತಕ ಕಾಯುವುದೇ ನನ್ನ ಕೆಲಸ. ಈ ಮೈಕಿನಲ್ಲಿ ಒಂದು ಮಾತು ಹೇಳಿ ಸಾಕು. 'ಸ್ಟೂಲು ಹತ್ತಿದ ಹುಡುಗಿಯನ್ನು ನಾನೇ ಕಲ್ಪಿಸಿದ್ದು' ಎಂದುಬಿಡಿ. ನಾಳೆ ಬೆಳಿಗ್ಗೆಯೇ ಪುಸ್ತಕವನ್ನು ಕಿಟಕಿ ಪಕ್ಕ ಇಡುತ್ತೇನೆ.

ಯಾಕೆ ಸ್ವಾಮಿ, ತಲೆ ತಗ್ಗಿಸಿದಿರಿ?

ಅಧ್ಯಕ್ಷರಿಗೆ, ಮೈಕಿನವರಿಗೆ, ಕುರ್ಚಿ ಹಾಕಿದವರಿಗೆ ವಂದನೆಗಳು. ಚಹಾ ಆರುತ್ತಿದೆ, ಎಲ್ಲರೂ ಹೊರಡಿ. ಸಭಾಂಗಣದ ಬಾಗಿಲು ಮುಚ್ಚಿದೆ. ದಯವಿಟ್ಟು ಅದನ್ನು ಬೇರೆ ಯಾರಾದರೂ ತೆರೆಯಿರಿ. ನಮಸ್ಕಾರ.