ಬಾಲದ ತುದಿಯ ಪೊರೆ

ಆಳಂದದ ಬಸ್ ನಿಲ್ದಾಣದಲ್ಲಿ ನನ್ನ ಹಿಂದಿನ ಬೆಂಚಿನ ಮೇಲೆ ಇಬ್ಬರು ಗೆಳೆಯರು ಮಾತಾಡುತ್ತಿದ್ದರು.

“ಸಪ್ನಾ ಸಿಟ್ಟು ಮಾಡಿಕೊಂಡು ಮಾದನಹಿಪ್ಪರಗಾಕ, ತವರಿಗೆ ಹೋಗಿ ತಿಂಗಳಾತಲ್ಲೋ ಶರಣು. ಫೋನರ ಮಾಡ್ತಾಳೇನು?”

“ದಿನಾ ಮಾಡ್ತಾಳ. ಓತಿಕ್ಯಾತ ಹೆಂಗದ ಅಂತ ಕೇಳಿ ಇಟ್ಟುಬಿಡ್ತಾಳ.”

“ಅಕಿ ಸಾಕಿದ ಆ ಗಡ್ಡದ ಓತಿಕ್ಯಾತನಾ?”

“ಹೂಂ. ಪೊರಿ ಬಿಡಾಕತ್ತಿತ್ತು. ಹಾವಿನಂಗ ಒಮ್ಮೆಲೇ ಕಳಚ್ತದ ಅಂತ ನಾ ಹಿಡಿದು ಎಳದೆ. ಫೋನಿನಾಗೇ ಬೈದಳು. ಬೆಚ್ಚನ ನೀರಾಗ ಕೂಡಿಸು, ಹಳೇ ಬ್ರಶ್ ತಗೊಂಡು ಮೆಲ್ಲಕ ತಿಕ್ಕು ಅಂದಳು.”

“ಬಿಡ್ತೇನು?”

“ಪೂರ್ತಿ ಬಿಟ್ಟು ಎಂಟು ದಿನ ಆತು.”

“ಮತ್ತ ಈಗೇನು ಕೇಳ್ತಾಳ?”

“ಬಾಲದ ತುದಿಗೆ ಇನ್ನೂ ಉಳದದ ಅಂತ ಹೇಳೇನಿ.”

“ಫೋಟೋ ಕೇಳಂಗಿಲ್ಲೇನು?”

“ಕೇಳ್ತಾಳ. ದಿನಾ ಅದೇ ಹಳೇ ಫೋಟೋ ಕಳಸ್ತೇನಿ.”

“ಅಕಿಗೆ ತಿಳಿಯಂಗಿಲ್ಲೇನಲೇ?”

“ಮೊದಲ ದಿನಾನೇ ತಿಳದಿರಬೇಕು. ಆದ್ರೂ, ಅವಸರ ಮಾಡಬ್ಯಾಡ, ಇನ್ನೂ ನಾಕು ದಿನ ತಿಕ್ಕು ಅಂತಾಳ.”

ಮಾದನಹಿಪ್ಪರಗಾ ಬಸ್ ಬಂತು. ಗೆಳೆಯ ಚೀಲ ಹೆಗಲಿಗೇರಿಸಿದ.

“ನೀನೂ ಹತ್ತು. ಹೋಗಿ ಕರಕೊಂಡು ಬಾ.”

“ಇಲ್ಲಪಾ, ಅಕಿ ಫೋನ್ ಬರೋ ಹೊತ್ತಾತು. ನೀರು ಕಾಸಬೇಕು,” ಎಂದು ಶರಣು ಮನೆಯ ಕಡೆ ಬಿರಬಿರನೆ ಹೊರಟ.