ವೆಳ್ಳನ್‌ನ ಪಂಚೆಯ ಕಲೆ

…ಅಯ್ಯೋ, ಇನ್ನೂ ಕೆಟ್ಟ ಸುದ್ದಿ ಇದೆ ಕಾರ್ತು. ಕೂತ್ಕೊಂಡು ಕೇಳು. ಇವತ್ತು ಬೆಳಿಗ್ಗೆ ನಮ್ಮ ಶಾಲೆಯ ಗಾಜಿನ ಲೋಟ ಒಡೆದುಹೋಯ್ತು. ಇದ್ದದ್ದೇ ಒಂದು! ವಿಜ್ಞಾನ ವಿಭಾಗವೇ ನಾಶವಾಯ್ತು ಅನ್ನು…

ಗೊತ್ತು, ಗೊತ್ತು. ನೀನು ಲೋಟದ ಸುದ್ದಿ ಕೇಳೋಕೆ ಬಂದವಳಲ್ಲ. ಗಂಡ ವೆಳ್ಳನ್‌ನನ್ನ ಪೊಲೀಸರು ಹಿಡಿದು ಮೂರು ದಿನ ಆಯ್ತು, ಈ ಪದ್ಮಪ್ಪ ಮಾಷ್ ಠಾಣೆಗೆ ಬಂದು ಒಂದು ಮಾತು ಹೇಳಲಿ ಅಂತ ಬಂದೆ. ಹೇಳೋಣ. ಮೊದಲು ವಿಷಯ ತಿಳ್ಕೊ. ಲೋಟ ಒಡೆದರೆ ಚೂರೂ ಗಾಜೇ. ಇದು ಭೌತಿಕ ಬದಲಾವಣೆ. ಕಟ್ಟಿಗೆ ಸುಟ್ಟರೆ ಬೂದಿ, ಬೂದಿ ಕಟ್ಟಿಗೆಯಲ್ಲ. ಇದು ರಾಸಾಯನಿಕ. ಇಪ್ಪತ್ತು ವರ್ಷದಿಂದ ಇದನ್ನೇ ಹೇಳ್ತಾ ಬಂದಿದ್ದೀನಿ. ಇದರಿಂದ ಯಾರೂ ಜೈಲಿಗೆ ಹೋಗಿರಲಿಲ್ಲ.

ಈಗ ನೋಡು. ವೆಳ್ಳನ್ ನಾಲ್ಕು ದಿನ ನಮ್ಮೂರ ರೈತ ವೃಷಭರಾಜರ ಕಣದಲ್ಲಿ ಅರಿಶಿನ ಬೇಯಿಸಿದ. ಪಂಚೆಗೆ ಕಲೆ. ನೀನು ಬೂದಿನೀರಲ್ಲಿ ನೆನೆಸಿದೆ. ಕಲೆ ಹೋಗಲಿಲ್ಲ, ಕೆಂಪಾಯ್ತು. ಅದೇ ದಿನ ಎಸ್ಟೇಟ್ ಯಜಮಾನನಿಗೆ ಯಾರೋ ಕತ್ತಿ ಬೀಸಿ ಕಾಡು ಸೇರಬೇಕಾ? ಗುಡಿಸಲಿನ ಜಾಗ ತನ್ನದು ಅಂತ ವೆಳ್ಳನ್ ಹಿಂದಿನ ವಾರವೇ ಯಜಮಾನನ ಎದುರು ಹೇಳಬೇಕಾ? ಪುಲ್ಪಳ್ಳಿಯಲ್ಲಿ ನಕ್ಸಲರು ಪೊಲೀಸ್ ಶಿಬಿರಕ್ಕೆ ನುಗ್ಗಿದಮೇಲೆ ಪೊಲೀಸರಿಗೆ ಮರಮರವೂ ನಕ್ಸಲ. ಬೇಲಿ ಮೇಲೆ ಪಂಚೆ ಕಂಡರು, ರಕ್ತ ಅಂದರು.

ಅಳಬೇಡ. ನೀನು ತೊಳೆದದ್ದು ತಪ್ಪಲ್ಲ… ಪೂರ್ತಿ ತಪ್ಪಲ್ಲ. ಇಲ್ಲಿ ನನ್ನ ಟವೆಲು ನೋಡು. ಅರಿಶಿನ ಹಚ್ಚಿದೆ. ಬೂದಿನೀರು ಬಿಟ್ಟೆ. ಕೆಂಪು! ಈಗ ನಿಂಬೆರಸ, ಒಂದೇ ಹನಿ… ಹಾಂ! ಹಳದಿ! ರಾಸಾಯನಿಕ ಬದಲಾವಣೆ ಹಿಂದಕ್ಕೆ ಬರೋದಿಲ್ಲ ಅಂತ ನಾನೇ ಪಾಠ ಮಾಡಿದ್ದೆ. ಅರಿಶಿನ ನನ್ನ ಶಾಲೆಗೆ ಬಂದಿಲ್ಲ. ರಕ್ತಕ್ಕೆ ನಿಂಬೆ ಹಿಂಡಿದರೆ ಹೀಗೆ ಆಗುತ್ತಾ? ಇಲ್ಲ! ಯಾಕೆ ನಗ್ತೀಯ? ನಗು, ನಗು. ಮೂರು ದಿನದಲ್ಲಿ ಈಗ ನಕ್ಕೆ ನೀನು. ಪೇದೆ ಪಂಚೆ ಬಿಡಿಸಿ ಹಿಡಿದಾಗಲೇ ನನಗೆ ಗೊತ್ತಾಯ್ತು, ಅಂಗೈ ಅಗಲ ಕಲೆ, ಅಪ್ಪಟ ಅರಿಶಿ…

ಏನು? ಯಾಕೆ ಹಾಗೆ ನೋಡ್ತೀಯ? ಇಲ್ಲ… ಯಾರೋ ಹೇಳಿದ್ದು. ಪೇಟೆಯಲ್ಲಿ… ಕಾರ್ತು… ಬೈಯೋದಾದರೆ ಬೈ.

ಸರಿ. ನೀನು ಕೆಲಸಕ್ಕೆ ಹೋಗಿದ್ದೆ. ಮಹಜರಿಗೆ ಓದುಬರಹ ಬಲ್ಲ ಸಾಕ್ಷಿ ಬೇಕು ಅಂತ ನನ್ನನ್ನ ಕರೆಸಿದರು. 'ರಕ್ತ ಅಲ್ವಾ ಮಾಷೇ?' ಅಂದ ಇನ್‌ಸ್ಪೆಕ್ಟರ್. ನಿಂತದ್ದು ನಿಮ್ಮ ನಿಂಬೆಗಿಡದ ಕೆಳಗೇ. ಕೈ ಎತ್ತಿದರೆ ಕಾಯಿ! ಬಾಯಿ ತೆರೆಯೋದರೊಳಗೆ ಅವನು, 'ನಿಮ್ಮ ಶಾಲೆಗೆ ಎಂಥೆಂಥ ಪುಸ್ತಕ ಬರ್ತವೆ?' ಅಂದ. ನನ್ನನ್ನೂ ನಕ್ಸಲ ಅನ್ನೋಕೆ ಅಷ್ಟು ಸಾಕು. ಪುಸ್ತಕವೇ ಬರೋದಿಲ್ಲ, ಕಾರ್ತು! ಅದನ್ನಾದರೂ ಹೇಳಬಹುದಿತ್ತು… ನಾವು ಜೈನರು, ಸುಳ್ಳು ಹೇಳಬಾರದು. ಹೇಳಲಿಲ್ಲ. ಏನೂ ಹೇಳಲಿಲ್ಲ. ಸಹಿ ಹಾಕಿದೆ.

ಇವತ್ತು ಠಾಣೆಗೆ ಹೋಗಿದ್ದೆ. ಜಿನೇಶ್ವರನಾಣೆ, ಜೇಬಿನಲ್ಲಿ ನಿಂಬೆ ಇಟ್ಟುಕೊಂಡೇ ಹೋಗಿದ್ದೆ. ಪಂಚೆಯನ್ನ ಗಂಟು ಕಟ್ಟಿ ಅರಗು ಹಾಕಿದ್ದಾರೆ. ಅರಗು ಗಟ್ಟಿಯಾಗೋದು ಭೌತಿಕ ಬದಲಾವಣೆ, ಮತ್ತೆ ಕರಗಿಸಬಹುದು. ಆದರೆ ಅದರ ಮೇಲೆ ಸರ್ಕಾರದ ಮುದ್ರೆ ಇದೆ. ಮುಟ್ಟೋ ಅಧಿಕಾರ ಇಲ್ಲಿ ಯಾರಿಗೂ ಇಲ್ಲವಂತೆ.

ಮಹಜರಿನಲ್ಲಿ 'ರಕ್ತದ ಕಲೆ' ಅಂತ ಬರೆದಿದೆ. ವೆಳ್ಳನ್‌ನನ್ನ ಮಧ್ಯಾಹ್ನದ ಜೀಪಿನಲ್ಲಿ ಕಣ್ಣೂರಿನ ಜೈಲಿಗೆ ಕಳಿಸಿದರು.