ಅರವತ್ತಂದ್ರೆ ಅರವತ್ತೇ

ಗ್ಯಾರೇಜಿನ ಬೆಂಚಿನ ಮೇಲೆ ಸ್ಕೂಟರಿಗಾಗಿ ಕಾಯುತ್ತಿದ್ದ ಟೈಲರಮ್ಮ, ಪಕ್ಕದಲ್ಲಿ ಬಂದು ಕೂತ ಅಕ್ಕ-ತಮ್ಮನ ಮಾತು ಕೇಳಿಸಿಕೊಳ್ಳಬಾರದು ಅಂದುಕೊಂಡಳು. ಕಿವಿ ಅವಳ ಮಾತು ಕೇಳಬೇಕಲ್ಲ!

“ಅಷ್ಟು ಮಳೆ ಸುರೀತಿತ್ತು, ಯಾಕೋ ಕ್ರೂಸ್ ಕಂಟ್ರೋಲ್ ಹಾಕಿ ಸ್ಪೀಡನ್ನ ಕಾರಿಗೇ ಬಿಟ್ಟೆ?”

“ಅರವತ್ತು ದಾಟಬೇಡ ಅಂತ ನೀನೇ ತಲೆ ತಿಂದ್ಯಲ್ಲಕ್ಕಾ. ಅರವತ್ತಕ್ಕೇ ಇಟ್ಟೆ. ಒಂದು ಚೂರೂ ದಾಟ್ಲಿಲ್ಲ.”

“ರಸ್ತೇಲಿ ನೀರು ನಿಂತಿತ್ತಲ್ಲ, ಅಲ್ಲಿ?”

“ಅರವತ್ತೇ.”

“ಚಕ್ರ ಜಾರಿದಾಗ?”

“ನೀರ್ಯಾವುದು ನೆಲ ಯಾವುದು ಅಂತ ಅದಕ್ಕೇನು ಗೊತ್ತು? ಅರವತ್ತು ಇಳೀಬಾರ್ದು ಅಂತ ಇನ್ನೂ ಜೋರಾಗಿ ತಿರುಗಿಸ್ತು.”

“ಬೇಲಿ ಮುರ್ಕೊಂಡು ಕೋಸಿನ ಹೊಲಕ್ಕೆ ನುಗ್ಗಿದಾಗ?”

“ಅಲ್ಲಿ ಸ್ವಲ್ಪ ಕಮ್ಮಿ ಆಯ್ತು. ಕೋಸು ಅಡ್ಡ ಬಂತು.”

“ನಿನ್ನ ಕಾಲು ಎಲ್ಲಿತ್ತೋ?”

“ಕಾರೇ ಸ್ಪೀಡು ನೋಡ್ಕೊಳ್ತಿತ್ತಲ್ಲ... ಮಡಚಿ ಸೀಟಿನ ಮೇಲಿಟ್ಟಿದ್ದೆ.”

“ಮಳೇಲಿ ಅದನ್ನ ಆಫ್ ಮಾಡಿ ನಿಧಾನಕ್ಕೆ ಹೋಗಿ ಅಂತ ಊರಿಗೆಲ್ಲ ಪಾಠ ಹೇಳೋನು ನೀನು!”

ಟೈಲರಮ್ಮನ ಕಣ್ಣು ಆಗ ಅವನ ಅಂಗಿಯ ಜೇಬಿಗೆ ಹೋಯಿತು. ದಾರ ಬಿಟ್ಟಿದ್ದ ಕಸೂತಿ ಅಕ್ಷರದಲ್ಲಿ ಒಂದು ಡ್ರೈವಿಂಗ್ ಸ್ಕೂಲಿನ ಹೆಸರಿತ್ತು. ಸೋಮವಾರದಿಂದ ಅವಳು ಕಾರು ಕಲಿಯಲು ಹೋಗಬೇಕಿದ್ದದ್ದು ಅದೇ ಸ್ಕೂಲಿಗೆ. ಬೆಂಚಿನ ತುದಿಗೆ ಸರಿದು ಕೂತಳು.

ಅಷ್ಟರಲ್ಲಿ ಮೆಕ್ಯಾನಿಕ್ ಕಾರಿನ ಕೀ ತಂದ. ತಮ್ಮ ಕೈ ಚಾಚುವ ಮೊದಲೇ ಅಕ್ಕ ಅದನ್ನು ಕಸಿದುಕೊಂಡಳು.

“ನಾನು ಓಡಿಸ್ತೀನಿ. ನೀನು ಪಕ್ಕದ ಸೀಟಲ್ಲಿ ಕೂತ್ಕೊಂಡು ಪಾಠ ಹೇಳು. ಅದು ನಿಂಗೆ ಚೆನ್ನಾಗಿ ಬರುತ್ತೆ.”

ಇಬ್ಬರೂ ಹೊರಟುಹೋದರು. ಟೈಲರಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಸಮಾಧಾನವಾಯಿತು. ಸ್ಕೂಲಿನ ಕಾರಿನಲ್ಲೂ ಅವನು ಕೂರುವುದು ಪಕ್ಕದ ಸೀಟಿನಲ್ಲೇ ತಾನೆ!